ಮಂಗಳೂರು ಹಂಚಿಗೆ ಇಬ್ಬರು ವೆಬರ್‌ಗಳು

ಮಂಗಳೂರಿನ ಕಡೆ ಇನ್ನೂ ಗೂಡು ಉರಿಯುತ್ತಿರುವ ಹಂಚಿನ ಕಾರ್ಖಾನೆಯೊಂದನ್ನು ಮೊನ್ನೆ ನೋಡಿ ಬಂದೆ. ಅಚ್ಚಿನಿಂದ ಆಗಷ್ಟೇ ಇಳಿದ ಹಸಿ ಹಂಚನ್ನು ಎತ್ತಿ ನೋಡಿದೆ, ಆಮೇಲೆ ಸುಟ್ಟದ್ದನ್ನು. ಎಷ್ಟು ತೂಕ ಕಳೆದುಹೋಗಿದೆ ಎಂದು ಕೈಗೇ ಗೊತ್ತಾಗುತ್ತದೆ. ಇನ್ನು ಗೂಡಿಗೆ ಹಾಕಿದ ಸೌದೆಯ ತೂಕವೋ, ಒಂದು ಗುಲಗಂಜಿಯಷ್ಟೂ ಹಂಚಿಗೆ ಸೇರುವುದಿಲ್ಲ, ಎಲ್ಲ ಬೂದಿ ಮತ್ತು ಹೊಗೆ.

ಜರ್ಮನಿಯ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ವೆಬರ್ 1909ರಲ್ಲಿ ಹೇಳಿದ್ದು ಇದನ್ನೇ. ತಯಾರಿಕೆಯಲ್ಲಿ ತೂಕ ಕಳೆದುಕೊಳ್ಳುವ ಕಚ್ಚಾ ಮಾಲನ್ನು ದೂರ ಹೊರುವುದು ದಂಡ. ಕಾರ್ಖಾನೆಯೇ ಅದರ ಹತ್ತಿರ ಹೋಗಬೇಕು. ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಆವೆಮಣ್ಣು, ಮೇಲಿನ ಕಾಡುಗಳಿಂದ ದೋಣಿಯಲ್ಲಿ ಇಳಿದು ಬರುತ್ತಿದ್ದ ಸೌದೆ, ನದಿ ಮುಗಿಯುವಲ್ಲಿ ಬಂದರು. ಅಲ್ಲಿಂದ ಹಂಚು ಮುಂಬಯಿಗೆ, ಕೊಲಂಬೊಗೆ, ಆಫ್ರಿಕಾದ ಪೂರ್ವ ಕರಾವಳಿಗೆ. ಪಠ್ಯಪುಸ್ತಕಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಬೇಕೆ?

ನನಗೆ ಅನುಮಾನ ಶುರುವಾಗುವುದೂ ಇಲ್ಲೇ. 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ತೆರೆದ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಸಾಗಣೆ ವೆಚ್ಚ ಲೆಕ್ಕ ಹಾಕಿ ಈ ಊರನ್ನು ಆರಿಸಿದವನಲ್ಲ. ಮಿಷನ್ 1834ರಿಂದಲೇ ಇಲ್ಲಿತ್ತು. ಮತಾಂತರವಾಗಿ ಜಾತಿಯ ಕಸುಬು, ನೆಂಟರು, ಗೇಣಿ ಭೂಮಿ ಕಳೆದುಕೊಂಡವರಿಗೆ ಅನ್ನದ ದಾರಿ ಬೇಕಿತ್ತು. ನೇಯ್ಗೆ ಬಂತು, ಮುದ್ರಣ ಬಂತು, ಹಂಚೂ ಬಂತು. ಶುರುವಿಗೆ ಒಂದು ಜೊತೆ ಎತ್ತು, ಇಬ್ಬರು ಕೆಲಸಗಾರರು ಎಂದು ಹಳೆಯ ಬರಹಗಳು ಹೇಳುತ್ತವೆ.

ಇದನ್ನು ವಿವರಿಸಲು ಆಲ್ಫ್ರೆಡ್ ಸಾಲದು, ಅವನ ಅಣ್ಣ ಬೇಕು. ಹೌದು, ಸಮಾಜಶಾಸ್ತ್ರದ ಮ್ಯಾಕ್ಸ್ ವೆಬರ್ ಅವನ ಒಡಹುಟ್ಟಿದ ಅಣ್ಣ. ಪ್ರಾಟೆಸ್ಟೆಂಟ್ ಭಕ್ತಿಗೂ ಬಂಡವಾಳಶಾಹಿ ದುಡಿಮೆಗೂ ನಂಟು ಹಾಕಿದವನು. ಬಾಸೆಲ್ ಮಿಷನ್‌ನ ಬೇರಾದ ಪೀಟಿಸ್ಟ್ ಪಂಥವೂ ಅವನ ಚರ್ಚೆಯಲ್ಲಿದೆ. ದುಡಿಮೆಯೇ ಪೂಜೆ ಎಂದುಕೊಂಡ ಪಾದ್ರಿಗಳು ಲೆಕ್ಕದ ಪುಸ್ತಕ ಹಿಡಿದು ಗೂಡಿನ ಮುಂದೆ ನಿಂತದ್ದನ್ನು ಮ್ಯಾಕ್ಸ್ ಬಂದು ನೋಡಬೇಕಿತ್ತು. ಹಂಚು ಇಲ್ಲಿ ಹುಟ್ಟಿದ್ದಕ್ಕೆ ಅಣ್ಣನ ವಾದ, ಉಳಿದು ಬೆಳೆದದ್ದಕ್ಕೆ ತಮ್ಮನ ವಾದ. ಭೂಗೋಳದ ಮೇಷ್ಟ್ರುಗಳು ತಮ್ಮನ ಹೆಸರನ್ನಷ್ಟೇ ಹೇಳಿ ಮುಗಿಸುತ್ತಾರೆ.

ಮುಂದಿನದು ಗೊತ್ತಿರುವ ಕಥೆ. 1868ರಲ್ಲೇ ಆಲ್ಬುಕರ್ಕ್ ಮನೆತನ ತನ್ನದೇ ಕಾರ್ಖಾನೆ ಹಾಕಿತು. ಒಂದರ ಪಕ್ಕ ಇನ್ನೊಂದು ಎದ್ದಿತು; ಅಚ್ಚು ಒತ್ತುವವರು, ಗೂಡು ಕಟ್ಟುವವರು ಇಲ್ಲೇ ಸಿಗುವಾಗ ಬೇರೆ ಊರಿಗೆ ಯಾರು ಹೋಗುತ್ತಾರೆ? ಮೊದಲ ಮಹಾಯುದ್ಧದಲ್ಲಿ ಮಿಷನ್‌ನ ಉದ್ಯಮಗಳು ಬ್ರಿಟಿಷರ ಕೈಸೇರಿ, ಕಾಮನ್‌ವೆಲ್ತ್ ಟ್ರಸ್ಟ್ ಆದವು. ಹಂಚಿನ ಊರು ಮಾತ್ರ ಕದಲಲಿಲ್ಲ.

ಈಗ? "ಮಣ್ಣು ದೋಣಿಯಲ್ಲಿ ಎಲ್ಲಿ ಬರ್ತದೆ ಮಾರಾಯ್ರೆ, ದೂರದಿಂದ ಲಾರಿಯಲ್ಲಿ ಬರ್ಬೇಕು," ಎಂದರು ಅಲ್ಲಿನ ಮೇಸ್ತ್ರಿ. ತಮ್ಮನ ವಾದವೂ ಬಿದ್ದಂತಾಯಿತು. ಮನೆಗಳಿಗೆಲ್ಲ ಕಾಂಕ್ರೀಟ್ ಚಾವಣಿ ಬಂದಿದೆ. ನದಿದಂಡೆಯ ನೆಲ ಹಂಚಿಗಿಂತ ಕಟ್ಟಡದವರಿಗೆ ಹೆಚ್ಚು ಲಾಭದ್ದು. ಕಾರ್ಖಾನೆಗಳು ಬಾಗಿಲು ಹಾಕಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಒಂದು ಗೂಡು, ಅದರ ಹೊಗೆಕೊಳವೆಯ ಸಮೇತ, ಕೆಡವದೆ ಉಳಿಸಿ ಶಾಲೆಯ ಮಕ್ಕಳಿಗೆ ತೆರೆದಿಡಲು ಜಿಲ್ಲಾಡಳಿತಕ್ಕೆ ಏನು ತೊಂದರೆ? ಈ ವರ್ಷವೇ ಆ ಕೆಲಸಕ್ಕೆ ಕೈಹಾಕಲಿ.