ಸೂಫಿ ಮಾರ್ಗದಲ್ಲಿ ಗುರುಶಿಷ್ಯ ಬಾಂಧವ್ಯ

ಹುಟ್ಟಿನಿಂದ ಬರುವ ನಂಟು ಒಂದು. ಗುರುವಿನ ಕೈಹಿಡಿದು ಪಡೆಯುವ ನಂಟು ಮತ್ತೊಂದು. ಸೂಫಿ ಸಮುದಾಯಗಳು ನಿಂತಿರುವುದು ಈ ಎರಡನೆಯ ನಂಟಿನ ಮೇಲೆ.

ಆ ಮಾರ್ಗದಲ್ಲಿ ಗುರುವನ್ನು ಪೀರ್ ಅಥವಾ ಮುರ್ಷಿದ್ ಎಂದೂ ಶಿಷ್ಯನನ್ನು ಮುರೀದ್ ಎಂದೂ ಕರೆಯುವರು. ಮುರೀದನು ಪೀರರ ಕೈಯಲ್ಲಿ ಕೈಯಿಟ್ಟು ನಿಷ್ಠೆಯ ಮಾತು ಕೊಡುವುದು ‘ಬೈಅತ್’. ಆ ಪೀರರೂ ಹಿಂದೊಮ್ಮೆ ತಮ್ಮ ಗುರುವಿಗೆ ಹಾಗೆಯೇ ಕೈ ನೀಡಿದವರು. ಹೀಗೆ ಹಿಂದುಹಿಂದಕ್ಕೆ ಸಾಗಿ ಪ್ರವಾದಿ ಮುಹಮ್ಮದರನ್ನು ಮುಟ್ಟುವ ಪರಂಪರೆಗೆ ‘ಸಿಲ್‌ಸಿಲಾ’, ಎಂದರೆ ಸರಪಳಿ, ಎಂದು ಹೆಸರು. ಅದನ್ನು ಬರೆದಿಟ್ಟ ಗುರುನಾಮಾವಳಿಯು ‘ಶಜ್ರಾ’, ಎಂದರೆ ವೃಕ್ಷ. ಒಬ್ಬ ಪೀರರ ಶಿಷ್ಯರೆಲ್ಲರೂ ಪರಸ್ಪರ ‘ಪೀರ್‌ಭಾಯಿ’ಗಳು, ಊರು, ಭಾಷೆ, ವೃತ್ತಿಗಳ ಭೇದವು ಈ ಸೋದರತ್ವಕ್ಕೆ ಅಡ್ಡಬಾರದು.

ಈ ನಂಟಿನ ನೆಲೆ ಯಾವುದೆಂಬುದನ್ನು ಚಿಶ್ತಿ ಪರಂಪರೆಯ ಒಂದು ಪ್ರಸಂಗ ತಿಳಿಸುತ್ತದೆ. ದೆಹಲಿಯ ನಿಜಾಮುದ್ದೀನ್ ಔಲಿಯಾ ಅವರು 1325ರಲ್ಲಿ ಕಾಲವಾದ ಬಳಿಕ ಗುರುಸ್ಥಾನದಲ್ಲಿ ನಿಂತವರು ಅವರ ಶಿಷ್ಯ ನಸೀರುದ್ದೀನ್ ಚಿರಾಗ್. ಗುರುವಿನಿಂದ ಬಂದ ‘ಖಿರ್ಖಾ’ ಎಂಬ ನಿಲುವಂಗಿ, ದಂಡ, ಜಪಮಾಲೆಗಳನ್ನು ಅವರು ಯಾರಿಗೂ ಒಪ್ಪಿಸಲಿಲ್ಲ. ತಮ್ಮೊಡನೆ ಸಮಾಧಿಯಲ್ಲಿಯೇ ಇಡುವಂತೆ ವಿಧಿಸಿದರು. 1356ರಲ್ಲಿ ಅವರು ತೀರಿಕೊಂಡಾಗ ಹಾಗೆಯೇ ನಡೆಯಿತು.

ಲಾಂಛನಗಳು ಮಣ್ಣು ಸೇರಿದವು, ಸರಪಳಿ ಕಡಿಯಲಿಲ್ಲ. ಅವರ ಶಿಷ್ಯರಾದ ಗೇಸೂದರಾಜರು 1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದೆಹಲಿಯನ್ನು ತೊರೆದು, ಮುಂದೆ ಫಿರೋಜ್ ಶಾಹ ಬಹಮನಿಯ ಆಳ್ವಿಕೆಯಲ್ಲಿ ಕಲಬುರಗಿಗೆ ಬಂದು ನೆಲೆಸಿದರು. 1422ರಲ್ಲಿ ಅಲ್ಲಿಯೇ ದೇಹವಿಟ್ಟ ಆ ಮಹನೀಯರೇ ನಾಡಿಗೆ ಪರಿಚಿತರಾದ ಖ್ವಾಜಾ ಬಂದೇನವಾಜರು. ಇಂದಿಗೂ ಅವರ ಉರುಸಿಗೆ ಹಲವು ಮತಗಳ ಜನರು ಸೇರುವರು.

ಕಾಲಾಂತರದಲ್ಲಿ ಅನೇಕ ದರ್ಗಾಗಳ ಪೀಠವು ವಂಶಪಾರಂಪರ್ಯವಾಗಿ ನಡೆದುಬಂದಿತೆಂಬುದೂ ದಿಟ. ಆದರೆ ಮುರೀದನಾಗಲು ಬರಿಯ ವಂಶ ಸಾಲದು. ಪೀರರ ಮನೆಯಲ್ಲಿ ಹುಟ್ಟಿದವನೂ ಕೈ ನೀಡಿಯೇ ಆ ಬಳಗವನ್ನು ಸೇರಬೇಕು.

ಇದನ್ನು ಓದುವಾಗ ನಮಗೆ ಲಿಂಗದೀಕ್ಷೆಯ ಹಸ್ತಮಸ್ತಕ ಸಂಯೋಗವು ನೆನಪಾಗುವುದು ಸಹಜ. ತತ್ತ್ವ ಬೇರೆ, ಆಚಾರ ಬೇರೆ. ಎರಡನ್ನೂ ಒಂದೆಂದು ಹೇಳುವುದು ಸಲ್ಲದು. ಆದರೆ ಅರಿವಿಗೆ ಗುರುವಿನ ಸ್ಪರ್ಶ ಬೇಕೆಂಬಲ್ಲಿ ಎರಡು ಮಾರ್ಗಗಳೂ ಸಮೀಪ ಬರುತ್ತವೆ.

ವಿದ್ಯಾಸಂಸ್ಥೆಗೂ ಈ ಮಾತು ಸಲ್ಲುತ್ತದೆ. ದಾನಿಗಳು ಕಟ್ಟಿಸಿಕೊಟ್ಟ ಕೊಠಡಿಗಳು ನಮಗೆ ಆಸರೆ. ಅವರ ಋಣ ದೊಡ್ಡದು. ಆದರೆ ಆ ಕೊಠಡಿಯೊಳಗೆ ಗುರುವೊಬ್ಬನು ಶಿಷ್ಯನೊಬ್ಬನ ಕೈಹಿಡಿದು ಅಕ್ಷರ ತಿದ್ದಿಸಿದಾಗಲೇ ಸರಪಳಿಗೆ ಹೊಸ ಕೊಂಡಿ ಕೂಡುವುದು.