ಕಾರ್ಟ್ ಪಂದ್ಯದ ಏಕರೂಪ ಎಂಜಿನ್ ವರ್ಗಗಳು

ಏಕರೂಪ ಎಂಜಿನ್ ವರ್ಗವೆಂದರೆ ಸ್ಪರ್ಧಿಗಳೆಲ್ಲರೂ ಒಂದೇ ತಯಾರಕರ, ಒಂದೇ ಮಾದರಿಯ, ಮಾರ್ಪಡಿಸದ ಎಂಜಿನ್ನನ್ನೇ ಬಳಸಬೇಕೆಂದು ವಿಧಿಸುವ ಕಾರ್ಟ್ ಪಂದ್ಯದ ವಿಭಾಗ. ಖರ್ಚಿಗೆ ಮಿತಿ ಹಾಕುವುದು ಹಾಗೂ ಗೆಲುವು ಹಣಬಲಕ್ಕಿಂತ ಚಾಲಕನ ಕೌಶಲವನ್ನು ಅವಲಂಬಿಸುವಂತೆ ಮಾಡುವುದು ಇದರ ಉದ್ದೇಶ.

ಹಿನ್ನೆಲೆ

1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಕಟ್ಟಿದ ಮೊದಲ ಕಾರ್ಟಿಗೆ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನೇ ಸಾಕಾಗಿತ್ತು. ಪಂದ್ಯಗಳು ತೀವ್ರಗೊಂಡಂತೆ ಎಂಜಿನ್ನಿನ ಒಳಮೈಯನ್ನು ಉಜ್ಜಿ ತಿದ್ದುವ ಪರಿಣತರ ಬೆಲೆ ಏರಿತು. ಹಲವು ಎಂಜಿನ್‌ಗಳನ್ನು ಇಟ್ಟುಕೊಂಡು ಪದೇಪದೇ ಬಿಚ್ಚಿ ಕಟ್ಟಿಸಬಲ್ಲವರಿಗೆ ಮಾತ್ರ ಮುಂಚೂಣಿ ಉಳಿಯಿತು. ಮಕ್ಕಳಿಂದಲೇ ಆರಂಭವಾಗುವ ಕ್ರೀಡೆಯೊಂದಕ್ಕೆ ಇದು ಸಣ್ಣ ತೊಡಕಲ್ಲ.

ಆಸ್ಟ್ರಿಯದ ರೋಟ್ಯಾಕ್ಸ್ ಸಂಸ್ಥೆಯ 125 ಸಿಸಿ ಸಾಮರ್ಥ್ಯದ, ನೀರಿನಿಂದ ತಂಪಾಗುವ ಟೂ-ಸ್ಟ್ರೋಕ್ 'ಮ್ಯಾಕ್ಸ್' ಎಂಜಿನ್ ಇದಕ್ಕೆ ದೊರೆತ ಪ್ರಸಿದ್ಧ ಉತ್ತರ. ಎಂಜಿನ್ನಿಗೆ ಸಂಖ್ಯೆಯುಳ್ಳ ಮೊಹರು ಹಾಕಿರುತ್ತಾರೆ. ಅಧಿಕೃತ ಸೇವಾ ಕೇಂದ್ರವಲ್ಲದೆ ಬೇರಾರೂ ಅದನ್ನು ಒಡೆಯುವಂತಿಲ್ಲ. ಮೊಹರಿನ ಸಂಖ್ಯೆ ತಾಳೆಯಾಗದಿದ್ದರೆ ಸ್ಪರ್ಧಿ ಅನರ್ಹನಾಗುತ್ತಾನೆ. ರೋಟ್ಯಾಕ್ಸ್ ಮ್ಯಾಕ್ಸ್ ಚಾಲೆಂಜ್‌ನ ವಿಶ್ವ ಅಂತಿಮ ಸ್ಪರ್ಧೆ 2000ದಲ್ಲಿ ಆರಂಭವಾಯಿತು. ಅಲ್ಲಿ ಸ್ಪರ್ಧಿಗಳಿಗೆ ಎಂಜಿನ್ನನ್ನು ಚೀಟಿ ಎತ್ತಿ ಹಂಚುತ್ತಾರೆ. ಅಮೆರಿಕದ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಸಂಸ್ಥೆಯ '206' ಎಂಬ ಫೋರ್-ಸ್ಟ್ರೋಕ್ ಎಂಜಿನ್ ಇನ್ನೂ ಅಗ್ಗದ ದಾರಿ. ಅದರ ಶಕ್ತಿ ಕಡಿಮೆ, ಬಾಳಿಕೆ ಹೆಚ್ಚು.

ಕರ್ನಾಟಕದಲ್ಲಿ

ಭಾರತದಲ್ಲಿ ಈ ಮಾದರಿಯನ್ನು ನೆಲೆಗೊಳಿಸಿದ್ದು ಮುಖ್ಯವಾಗಿ ಮೆಕೊ ಮೋಟರ್‌ಸ್ಪೋರ್ಟ್ಸ್. ಮಾಜಿ ಚಾಲಕ ಅಕ್ಬರ್ ಇಬ್ರಾಹಿಂ ಇದರ ಮುಖ್ಯಸ್ಥರು. ಜೆಕೆ ಟೈರ್ ಪ್ರಾಯೋಜಿತ ರಾಷ್ಟ್ರೀಯ ರೋಟ್ಯಾಕ್ಸ್ ಚಾಂಪಿಯನ್‌ಷಿಪ್‌ನ ಸುತ್ತುಗಳು ಬೆಂಗಳೂರಿನ ಮೆಕೊ ಕಾರ್ಟೋಪಿಯಾದಲ್ಲಿ ನಡೆದಿವೆ. ಮೈಕ್ರೊ, ಜೂನಿಯರ್, ಸೀನಿಯರ್ ಎಂಬ ಮೂರು ವಿಭಾಗಗಳಿಗೂ ಮೂಲ ಎಂಜಿನ್ ಒಂದೇ. ಕಿರಿಯರ ವಿಭಾಗಗಳಲ್ಲಿ ಶಕ್ತಿಯನ್ನು ತಗ್ಗಿಸಿರುತ್ತಾರೆ. ಆದ್ದರಿಂದ ಮಗು ಬೆಳೆದಂತೆ ಹೊಸ ಎಂಜಿನ್ನನ್ನೇ ಕೊಳ್ಳಬೇಕೆಂದಿಲ್ಲ. ಕೆಲವು ಬಿಡಿಭಾಗಗಳ ಬದಲಾವಣೆಯಿಂದ ಮುಂದಿನ ವಿಭಾಗಕ್ಕೆ ಹೋಗಬಹುದು.

ಕೊಡಗು ಮತ್ತು ಎತ್ತರದ ಪ್ರಶ್ನೆ

ಕೊಡಗು ಹೆಸರಾಗಿರುವುದು ಕಾರ್ಟಿಂಗ್‌ಗಿಂತ ಹೆಚ್ಚಾಗಿ ಕಾಫಿ ತೋಟದ ಮಣ್ಣುರಸ್ತೆಗಳ ರ‍್ಯಾಲಿಗೆ ಹಾಗೂ ಗದ್ದೆಗಳಲ್ಲಿ ನಡೆಯುವ ಆಟೋಕ್ರಾಸ್‌ಗೆ. ಆದರೂ ಮೊಹರು ಹಾಕಿದ ಎಂಜಿನ್ನಿನ ಮಿತಿಯನ್ನು ವಿವರಿಸಲು ಈ ಜಿಲ್ಲೆ ಒಳ್ಳೆಯ ನಿದರ್ಶನ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದ್ದು, ಗಾಳಿಯ ಸಾಂದ್ರತೆ ಚೆನ್ನೈಗಿಂತ ಸರಿಸುಮಾರು ಹತ್ತನೇ ಒಂದು ಪಾಲು ಕಡಿಮೆ. ಚೆನ್ನೈಗೆ ಹೊಂದಿಸಿದ ಕಾರ್ಬ್ಯುರೇಟರನ್ನು ಇಲ್ಲಿ ಹಾಗೆಯೇ ಬಳಸಿದರೆ ಪೆಟ್ರೋಲು ಹೆಚ್ಚಾಗಿ ಎಂಜಿನ್ ಮಂಕಾಗುತ್ತದೆ, ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ. ಚಿಕ್ಕ ಜೆಟ್ ಹಾಕಬೇಕು. ಬೆಟ್ಟದಿಂದ ಕರಾವಳಿಗೆ ಇಳಿಯುವವರ ತಪ್ಪು ಹೆಚ್ಚು ದುಬಾರಿ: ಪೆಟ್ರೋಲು ಸಾಲದೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಬೆರೆಸಿದ ಎಣ್ಣೆಯೂ ಪೆಟ್ರೋಲಿನೊಂದಿಗೇ ಬರುವುದರಿಂದ ಅಪಾಯ ಇಮ್ಮಡಿ. ಜೆಟ್ ಹಾಗೂ ಸರಪಳಿಚಕ್ರದ ಆಯ್ಕೆಯನ್ನು ನಿಯಮಗಳು ಮುಕ್ತವಾಗಿ ಬಿಟ್ಟಿರುವುದಕ್ಕೆ ಕಾರಣವಿದೆ: ಇವನ್ನು ಆಯಾ ಊರಿನ ಹವೆಗೆ, ಆಯಾ ಟ್ರ್ಯಾಕಿಗೆ ತಕ್ಕಂತೆ ಹೊಂದಿಸಲೇಬೇಕು.

ಟೀಕೆ

ಒಂದೇ ಕಾರ್ಖಾನೆಯ ಎಂಜಿನ್‌ಗಳಲ್ಲೂ ತುಸು ವ್ಯತ್ಯಾಸವಿರುತ್ತದೆ. ಹಣವಿದ್ದವರು ಹಲವನ್ನು ಕೊಂಡು ಉತ್ತಮವಾದುದನ್ನು ಆರಿಸಿಕೊಳ್ಳಬಲ್ಲರು. ಟೈರು, ಚಾಸಿ, ಅಭ್ಯಾಸ, ಪ್ರಯಾಣಗಳ ವೆಚ್ಚವನ್ನು ಮೊಹರು ತಡೆಯಲಾರದು. ಆಮದು ಎಂಜಿನ್ನಿನ ಬೆಲೆಯೂ ಭಾರತೀಯ ಮಧ್ಯಮವರ್ಗಕ್ಕೆ ಹೊರೆಯೇ. 'ಅಗ್ಗ' ಎಂಬುದು ಇಲ್ಲಿ ತೌಲನಿಕ ಪದ.