ಸಂಬಳ ಕಡಿಮೆ, ಭದ್ರತೆ ಇಲ್ಲ... ಆದ್ರೂ ಲೋಕಲ್ ರೇಡಿಯೋ ಬಿಟ್ಟು ಹೋಗಲ್ಲ, ಯಾಕೆ?

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ, ಕೇಳೋಕೆ ಟೈಮ್ ಸಿಗದೆ ಇಲ್ಲಿ ಓದ್ತಿರೋರಿಗೂ ಸ್ವಾಗತ.

ಇವತ್ತಿನ ಪ್ರಶ್ನೆ ಸರಳವಾದದ್ದು. ಸಣ್ಣ ಊರುಗಳ ರೇಡಿಯೋ ಕೇಂದ್ರಗಳಲ್ಲಿ ದುಡ್ಡು ಕಡಿಮೆ, ಕೆಲಸ ಜಾಸ್ತಿ, ಪಕ್ಕದ ತಾಲೂಕಿಗೆ ಹೋದರೆ ಹೆಸರು ಯಾರಿಗೂ ಗೊತ್ತಿರಲ್ಲ. ಹಾಗಿದ್ದೂ ಅಲ್ಲಿ ಜನ ವರ್ಷಗಟ್ಟಲೆ ಯಾಕೆ ಉಳೀತಾರೆ? "ಪ್ಯಾಷನ್ ಸರ್" ಅಂತ ಒಂದೇ ಪದದಲ್ಲಿ ಮುಗಿಸಬಹುದು. ಆದ್ರೆ ಬಿ.ಕಾಂ. ಓದಿರೋದ್ರಿಂದ ನನಗೆ ಆ ಉತ್ತರದಲ್ಲಿ ಟ್ಯಾಲಿ ಆಗಲ್ಲ. ಮೊದಲು ಲೆಕ್ಕ ನೋಡೋಣ.

ಸಮುದಾಯ ರೇಡಿಯೋ ಅಂದ್ರೆ ಏನು? ಗಾಳಿಯಲ್ಲಿರೋ ತರಂಗಗಳು ಸಾರ್ವಜನಿಕರ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ರೇಡಿಯೋ ಕೇಂದ್ರ ನಡೆಸೋ ಅವಕಾಶ ಸಿಕ್ಕಿತು. ಈಗ ದೇಶದಲ್ಲಿ ಇಂಥ ಸುಮಾರು 500 ಕೇಂದ್ರಗಳಿವೆ. ನಮ್ಮಲ್ಲಿ ಮಂಗಳೂರಿನ ರೇಡಿಯೋ ಸಾರಂಗ್, ಸರಗೂರಿನ ಜನಧ್ವನಿ, ಬೆಂಗಳೂರಿನ ರೇಡಿಯೋ ಆಕ್ಟಿವ್ ಎಲ್ಲ ಇದೇ ಬಗೆಯವು. ಸಾಮಾನ್ಯವಾಗಿ ಟ್ರಾನ್ಸ್‌ಮಿಟರ್ ಶಕ್ತಿ 100 ವ್ಯಾಟ್ ದಾಟುವಂತಿಲ್ಲ. ಅಂದ್ರೆ ಸಿಗ್ನಲ್ 10ರಿಂದ 15 ಕಿಲೋಮೀಟರ್ ಹೋದರೆ ಹೆಚ್ಚು.

ಈಗ ಆದಾಯ. 2024ರ ಫೆಬ್ರವರಿಯಲ್ಲಿ ಜಾಹೀರಾತಿನ ಮಿತಿಯನ್ನು ಗಂಟೆಗೆ 7 ನಿಮಿಷದಿಂದ 12 ನಿಮಿಷಕ್ಕೆ ಏರಿಸಿದರು. ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52 ರೂಪಾಯಿ ಇದ್ದದ್ದು 74 ಆಯಿತು. ಹನ್ನೆರಡೂ ನಿಮಿಷ ಭರ್ತಿಯಾದರೆ ಗಂಟೆಗೆ 5,328 ರೂಪಾಯಿ. ಪೇಪರ್ ಮೇಲೆ ಸೂಪರ್, ಅಲ್ವಾ?

ಆದ್ರೆ ಭರ್ತಿ ಮಾಡೋರು ಯಾರು? ಒಂದು ಸರ್ಕಾರಿ ಜಾಹೀರಾತು, 30 ಸೆಕೆಂಡಿನದು, ದಿನಕ್ಕೆ ಎರಡು ಸಲ, 10 ದಿನ ಬಂತು ಅಂದ್ಕೊಳ್ಳಿ. ಒಟ್ಟು 4,440 ರೂಪಾಯಿ. ಮುಂದಿನದು ಯಾವಾಗ ಬರತ್ತೋ ಗ್ಯಾರಂಟಿ ಇಲ್ಲ. ಊರಿನ ಬಟ್ಟೆ ಅಂಗಡಿಯವರು ಫ್ಲೆಕ್ಸ್ ಹಾಕಿಸ್ತಾರೆ, ವಾಟ್ಸ್ಆ್ಯಪ್ ಸ್ಟೇಟಸ್ ಹಾಕ್ತಾರೆ, ರೇಡಿಯೋ ನೆನಪಾಗೋದು ಕೊನೆಗೆ. ಕರೆಂಟ್ ಬಿಲ್, ತರಂಗಾಂತರದ ಶುಲ್ಕ, ಕೆಟ್ಟ ಮೈಕ್, ಆಮೇಲೆ ಸಿಬ್ಬಂದಿಯ ಸಂಬಳ ಎಲ್ಲ ಇದರಲ್ಲೇ ಆಗಬೇಕು. ಆಗಲ್ಲ. ಹಾಗಾಗಿ ಕಾಲೇಜಿನ ಅಥವಾ ಸಂಸ್ಥೆಯ ಹಣ ಇರೋ ತನಕ ಕೇಂದ್ರ ನಡೆಯತ್ತೆ.

ಆಕಾಶವಾಣಿಯಲ್ಲಾದರೂ ಸುಖ ಅಂದ್ಕೋಬೇಡಿ. ಅಲ್ಲಿ ನೀವು ಕೇಳೋ ಎಷ್ಟೋ ದನಿಗಳು ತಾತ್ಕಾಲಿಕ ಉದ್ಘೋಷಕರದ್ದು. ಅವರಿಗೆ ತಿಂಗಳಿಗೆ ಹೆಚ್ಚೆಂದರೆ ಆರು ಡ್ಯೂಟಿ, ಡ್ಯೂಟಿ ಲೆಕ್ಕದಲ್ಲೇ ಸಂಭಾವನೆ. ದನಿ ಇಡೀ ಜಿಲ್ಲೆಗೆ ಗೊತ್ತು, ಪಿಎಫ್ ಮಾತ್ರ ಇಲ್ಲ.

ಸರಿ, ಹಾಗಾದ್ರೆ ಯಾಕೆ ಉಳೀತಾರೆ? ನನಗೆ ಮೂರು ಕಾರಣ ಕಾಣತ್ತೆ.

ಒಂದು, ಕೇಳುಗರು ಕೈಗೆ ಸಿಗೋ ದೂರದಲ್ಲಿದ್ದಾರೆ. ಪಾಡ್‌ಕಾಸ್ಟ್ ಮಾಡೋ ನನಗೆ ನೀವು ಎಷ್ಟನೇ ನಿಮಿಷಕ್ಕೆ ಬಿಟ್ಟು ಹೋದಿರಿ ಅಂತ ಗ್ರಾಫ್ ಸಿಗತ್ತೆ, ಆದ್ರೆ ನೀವು ಯಾರು ಅಂತ ಗೊತ್ತಾಗಲ್ಲ. ಲೋಕಲ್ ರೇಡಿಯೋದವರಿಗೆ ಉಲ್ಟಾ. ಗ್ರಾಫ್ ಇಲ್ಲ, ಸಂತೆಯಲ್ಲಿ ಸಿಗೋ ಕೇಳುಗ ಇದ್ದಾನೆ. ಸಮುದಾಯ ರೇಡಿಯೋಗೆ ಸ್ವಂತ ಸುದ್ದಿ ಓದೋ ಅನುಮತಿ ಇಲ್ಲ. ಆದ್ರೆ ನೀರು ಯಾವಾಗ ಬರತ್ತೆ, ಕರೆಂಟ್ ಯಾವಾಗ ಹೋಗತ್ತೆ, ಮಳೆ ಹೇಗಿದೆ, ಪರೀಕ್ಷೆ ಯಾವಾಗ, ಇದನ್ನೆಲ್ಲ ಹೇಳಬಹುದು. ಬೆಳಗ್ಗೆ ಹೇಳಿದ ಮಾತು ಮಧ್ಯಾಹ್ನದ ಹೊತ್ತಿಗೆ ಯಾರಿಗೋ ಉಪಯೋಗ ಆಗಿದ್ದು ಕಣ್ಣಿಗೇ ಕಾಣತ್ತೆ. ಎಷ್ಟು ಉದ್ಯೋಗಗಳಲ್ಲಿ ಇದು ಸಿಗತ್ತೆ ಹೇಳಿ?

ಎರಡು, ಭಾಷೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯವಾಗಿಯೇ ತಯಾರಾಗಬೇಕು, ಆದಷ್ಟೂ ಅಲ್ಲಿನ ಭಾಷೆಯಲ್ಲೇ ಇರಬೇಕು ಅಂತ ನಿಯಮವೇ ಹೇಳತ್ತೆ. ಸಾರಂಗ್‌ನಲ್ಲಿ ತುಳು, ಕೊಂಕಣಿ, ಬ್ಯಾರಿ ಎಲ್ಲ ಕೇಳಬಹುದು. ಶಾಲೆಯಲ್ಲಿ "ಸರಿಯಾಗಿ ಮಾತಾಡು" ಅಂತ ಬೈಸಿಕೊಂಡ ಅದೇ ಮಾತಿನಿಂದ ಮೈಕ್ ಮುಂದೆ ಕೂರೋದು ಸಣ್ಣ ವಿಷಯ ಅಲ್ಲ.

ಮೂರು, ಬಾಗಿಲು ತೆರೆದಿರೋದು. ತೆಲಂಗಾಣದಲ್ಲಿ 2008ರಲ್ಲಿ ಶುರುವಾದ ಸಂಘಂ ರೇಡಿಯೋ ನಡೆಸಿದ್ದು ದಲಿತ ಹೆಣ್ಣುಮಕ್ಕಳು. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯ ನಮ್ಮಧ್ವನಿ ಅದಕ್ಕೂ ಮೊದಲು, ಹಳ್ಳಿಗಳಿಗೆ ಲೈಸೆನ್ಸೇ ಸಿಗದ ಕಾಲದಲ್ಲಿ, ಕೇಬಲ್ ತಂತಿ ಮೂಲಕ ಮನೆಗಳಿಗೆ ಕಾರ್ಯಕ್ರಮ ತಲುಪಿಸ್ತಿತ್ತು. ಡಿಗ್ರಿ ಕೇಳದೆ, ಊರು ಬಿಡಿಸದೆ, ರೆಕಾರ್ಡಿಂಗು, ಎಡಿಟಿಂಗು, ಸಂದರ್ಶನ ಎಲ್ಲ ಕಲಿಸೋ ಜಾಗ ತಾಲೂಕಿನಲ್ಲಿ ಬೇರೆ ಯಾವುದಿದೆ?

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರತ್ತೆ. ಆದ್ರೆ ಇನ್ನೊಂದು ಮಗ್ಗುಲಿದೆ. ಆಡಂ ಸ್ಮಿತ್ 1776ರಲ್ಲೇ ಹೇಳಿದ್ದ: ಕೆಲಸ ಎಷ್ಟು ಹಿತವೋ ಕೂಲಿ ಅಷ್ಟು ಕಡಿಮೆ ಇರಬಹುದು, ಎಷ್ಟು ಅಹಿತವೋ ಅಷ್ಟು ಹೆಚ್ಚು. ಅಂದ್ರೆ ಖುಷಿಯೂ ಸಂಬಳದ ಒಂದು ಭಾಗ. ಸರಿ, ಆದ್ರೆ ಖುಷಿ ತೋರಿಸಿದರೆ ರೇಷನ್ ಅಂಗಡಿಯಲ್ಲಿ ಎಣ್ಣೆ ಕೊಡಲ್ಲ. ಅರ್ಧ ಸಂಬಳ ಖುಷಿಯಲ್ಲೇ ಬಂದ್ರೆ, ಉಳಿದರ್ಧ ಮನೆಯ ಬೇರೆ ಯಾರೋ ದುಡಿದು ತರಬೇಕು. ಅಪ್ಪನ ಜಮೀನು, ಗಂಡನ ನೌಕರಿ, ಸಂಜೆಯ ಟ್ಯೂಷನ್. ಅದು ಯಾವುದೂ ಇಲ್ಲದವರು ಎರಡು ವರ್ಷ ಇದ್ದು, ಕಲಿತು, ಬೇರೆ ಕೆಲಸಕ್ಕೆ ಹೊರಟು ಹೋಗ್ತಾರೆ. ಯಾರ ದನಿಗಾಗಿ ಈ ರೇಡಿಯೋ ಶುರುವಾಯ್ತೋ ಅವರೇ ಮೊದಲು ಹೊರಗೆ.

"ಇದು ಸೇವೆ ಕಣಮ್ಮ" ಅನ್ನೋ ಮಾತು ಈ ಕಾರಣಕ್ಕೇ ನನಗೆ ಕಷ್ಟ ಆಗೋದು. ಮಾಡೋರು ತಮ್ಮ ಕೆಲಸವನ್ನ ಸೇವೆ ಅಂದ್ಕೊಂಡರೆ ಅದು ದೊಡ್ಡತನ. ಮಾಡಿಸೋರು ಅದೇ ಪದ ಹೇಳಿ ಸಂಬಳ ಮುಂದೂಡಿದರೆ ಅದು ಬಾಕಿ, ಅಷ್ಟೇ. ಉಳಿದವರ ಪ್ರೀತಿ ನಿಜ. ಆ ಪ್ರೀತಿ ಇದೆ ಅಂತ ವ್ಯವಸ್ಥೆಗೂ ಚೆನ್ನಾಗಿ ಗೊತ್ತು. ಅದನ್ನ ನಂಬಿಕೊಂಡೇ ಸಂಬಳ ಏರಿಸಲ್ಲ.

ನೀವೇನು ಮಾಡಬಹುದು? ಮೊದಲು, ಫೋನಲ್ಲಿ ಎಫ್‌ಎಂ ಆ್ಯಪ್ ಇದೆಯಾ ನೋಡಿ. ಫೋನುಗಳಲ್ಲಿ ಎಫ್‌ಎಂ ಸೌಲಭ್ಯ ತೆಗೆಯಬೇಡಿ ಅಂತ 2023ರಲ್ಲಿ ಕೇಂದ್ರ ಸರ್ಕಾರ ಕಂಪನಿಗಳಿಗೆ ಸಲಹೆ ಕೊಟ್ಟಿತ್ತು. ಇದ್ದರೆ, ತಂತಿ ಇರೋ ಇಯರ್‌ಫೋನ್ ಚುಚ್ಚಿ, ಅದೇ ಆಂಟೆನಾ. 90.4ರ ಆಸುಪಾಸಲ್ಲಿ, ಆಮೇಲೆ 107.8ರ ಹತ್ತಿರ ಹುಡುಕಿ. ಸಿಕ್ಕರೆ ಒಂದು ವಾರ ಕೇಳಿ, ಫೋನ್ ಮಾಡಿ, ಇಷ್ಟ ಆಗದಿದ್ದರೆ ಅದನ್ನೂ ಹೇಳಿ. ಮನೆಯಲ್ಲಿ ಅಂಗಡಿ ಇದ್ದರೆ, ಮುಂದಿನ ಹಬ್ಬಕ್ಕೆ ಫ್ಲೆಕ್ಸ್ ಹಾಕಿಸೋ ಮೊದಲು ರೇಡಿಯೋದಲ್ಲಿ ಹತ್ತು ಸೆಕೆಂಡಿಗೆ ಎಷ್ಟು ಅಂತ ಒಂದು ಸಲ ಕೇಳಿ ನೋಡಿ.

ನಿಮ್ಮೂರಲ್ಲಿ ಯಾವ ಕೇಂದ್ರ ಸಿಕ್ತು ಅಂತ ನಮಗೆ ವಾಯ್ಸ್ ನೋಟ್ ಕಳಿಸಿ. ನಿಮ್ಮೂರಿನ ಮಾತಲ್ಲೇ ಕಳಿಸಿ. ಮುಂದಿನ ವಾರ ಸಿಗೋಣ.